ಓಕ್ ಕಂಬಕ್ಕೆ ಬಿದ್ದ ಸಿಮೆಂಟು

ಬೆಳಗಿನ ಆರು ಗಂಟೆ. ಇಂಗ್ಲೆಂಡಿನ ಶ್ರಾಪ್‌ಶೈರಿನ ಹಾಲಿಕಾಟ್ ಬಂಗಲೆಯ ಪೂರ್ವದ ಮೂಲೆಯಲ್ಲಿ ಬಡಗಿ ಎಡ್ವಿನ್ ಗಿಟಿನ್ಸ್ ಮಂಡಿಯೂರಿ ಕೂತಿದ್ದಾರೆ. ಕೊಡತಿಯಿಂದ ಓಕ್ ಕಂಬವನ್ನು ಬಡಿದು ಕಿವಿಗೊಡುತ್ತಾರೆ. ಗಟ್ಟಿ ಮರವಾದರೆ 'ಠಣ್' ಅನ್ನಬೇಕು. ಇದು ಒದ್ದೆ ಗೋಣಿಚೀಲದ ಹಾಗೆ 'ದಪ್' ಅನ್ನುತ್ತದೆ.

"ಇಲ್ಲೂ ಸತ್ತಿದೆ," ಎನ್ನುತ್ತ ಉಳಿ ಎತ್ತಿಕೊಳ್ಳುತ್ತಾರೆ.

ನಾನೂರು ವರ್ಷದ ಈ ಮನೆಯ ಭಾರವನ್ನೆಲ್ಲ ಹೊರುವುದು ಮರದ ಚೌಕಟ್ಟು. ನಡುವೆ ಇರುವುದು ಹೆಣೆದ ಕಡ್ಡಿ, ಮಣ್ಣು, ಸುಣ್ಣ ಅಷ್ಟೇ. ಹೊರಚಾಚಿದ ಮಹಡಿ ನಿಂತಿರುವುದೇ ಈ ಮೂಲೆಗಂಬದ ಮೇಲೆ. ಕಂಬದ ಎತ್ತರ ಒಂಬತ್ತಡಿ. ಬುಡದಿಂದ ಕೊಳೆತದ್ದು ನಾಲ್ಕೂವರೆ ಅಡಿ ದಾಟಿದರೆ ಪೂರ್ವದ ಭಾಗವನ್ನೇ ಕೆಡವುತ್ತೇವೆಂದು ಮನೆಯ ಒಡೆಯರು ಹೇಳಿಬಿಟ್ಟಿದ್ದಾರೆ. ನಿನ್ನೆ ಸಂಜೆಗೆ ಅದು ಮೂರಡಿ ಹತ್ತು ಅಂಗುಲ ಮುಟ್ಟಿತ್ತು.

ಕೊಳೆಸಿದವರು ಗಿಟಿನ್ಸರೇ. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ, ಮಣ್ಣು ಉದುರುತ್ತದೆಂದು, ಮರದ ಸಂದಿಗಳಿಗೆಲ್ಲ ಸಿಮೆಂಟು ತುಂಬಿದರು. ಒಳಗೆ ಇಳಿದ ಮಳೆನೀರನ್ನು ಸುಣ್ಣವಾದರೆ ಹೊರಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. ಮೂವತ್ತೊಂಬತ್ತು ವರ್ಷ ಮರ ಒಳಗೊಳಗೇ ನೆನೆಯಿತು.

"ಆಗ ಎಲ್ರೂ ಹಂಗೇ ಮಾಡ್ತಿದ್ರು. ಊರೆಲ್ಲ ಹೊಗಳ್ತು. ಖುಷೀಲಿ ಹಸಿ ಸಿಮೆಂಟಲ್ಲಿ ನನ್ನ ಹೆಸರು ಬೇರೆ ಗೀಚಿದ್ದೆ. ಹೋದ ಚಳಿಗಾಲ ನಾನೇ ಅದನ್ನ ಒಡೆದು ಹಾಕ್ದೆ."

ಸಿಮೆಂಟು ಕೀಳಲು ಯಂತ್ರ ಹಚ್ಚಿದರೆ ಹಳೆಯ ಮರ ಸೀಳುತ್ತದೆ. ಹಾಗಾಗಿ ಕೈಯುಳಿಯೇ ಗತಿ. ದಿನಕ್ಕೆ ಎಂಟು ತಾಸು, ಹತ್ತು ಅಂಗುಲ ಸಿಮೆಂಟು. ಹೀಗೆ ಮೂರು ವರ್ಷ. ಬಲಗೈಯ ಮೂರು ಬೆರಳು ಮರಗಟ್ಟಿವೆ. ಈ ಕಂಬವೇ ಕೊನೆ ಎಂದಿದ್ದಾರೆ ವೈದ್ಯರು.

"ಅಂಗಿ ಗುಂಡಿ ಹಾಕ್ಕೊಳ್ಳೋಕಾಗಲ್ಲ, ಮನೆ ಎತ್ತೋಕೆ ಬಂದಿದ್ದಾನೆ ಮುದುಕ," ಎನ್ನುತ್ತಾರೆ ಪಕ್ಕದಲ್ಲಿ ಸುಣ್ಣ ಕಲಸುತ್ತಿರುವ ಮೇವಿಸ್ ಬೆಡೋಸ್.

"ಆ ಸುಣ್ಣಾನ ನಿನ್ನ ಬಾಯಿಗೊಂಚೂರು ಮೆತ್ಕೋ ಮಾರಾಯ್ತಿ. ಮರದ ಮಾತು ಕೇಳ್ಬೇಕು."

ನಾಲ್ಕಡಿಗೂ ದಪ್. ಮೇಲೆ ಒಂದು ಅಂಗುಲ, ಮತ್ತೊಂದು. ಮೇವಿಸ್ ಕೈ ನಿಲ್ಲಿಸುತ್ತಾರೆ. ನಾಲ್ಕಡಿ ಮೂರು ಅಂಗುಲಕ್ಕೆ ಠಣ್. ಗಿಟಿನ್ಸ್ ಕಂಬದ ಸುತ್ತ ಅದೇ ಎತ್ತರಕ್ಕೆ ಇನ್ನೂ ನಾಲ್ಕು ಸಲ ಬಡಿದು, ಎಲ್ಲ ಕಡೆಯೂ ಠಣ್ ಅಂದಮೇಲೆ ಅಲ್ಲೇ ಕೂರುತ್ತಾರೆ. ಪೂರ್ವದ ಭಾಗ ಉಳಿಯಿತು, ಆದರೂ ಖುಷಿಯೇನೂ ಕಾಣಿಸುವುದಿಲ್ಲ. "ಪಶ್ಚಿಮದ ಗೋಡೆ ತುಂಬ ನನ್ನ ಸಿಮೆಂಟು ಹಂಗೇ ಇದೆ," ಎನ್ನುತ್ತಾರೆ. "ಅದಕ್ಕೆ ನನ್ನ ಕೈ ಉಳಿದಿಲ್ಲ."

ಕೊಳೆತ ಕೆಳಭಾಗ ಕೊಯ್ದು ಅಲ್ಲಿ ಹೊಸ ಓಕ್ ತುಂಡನ್ನು ಬೆಸೆಯಲು ಹನ್ನೆರಡು ಮರದ ಗೂಟ ಕೆತ್ತಿಟ್ಟಿದ್ದಾರೆ. ಅಂಟಿಲ್ಲ, ಕಬ್ಬಿಣವಿಲ್ಲ. ಒಂದೊಂದು ಗೂಟವೂ ಬೇಕಾದ್ದಕ್ಕಿಂತ ನಾಲ್ಕು ಬೆರಳು ಉದ್ದ, ಹೊಡೆದ ಮೇಲೂ ತುದಿ ಕಂಬದಿಂದ ಹೊರಚಾಚುತ್ತದೆ.

"ತುದಿ ಕತ್ತರಿಸೋಕೂ ಸೋಮಾರಿತನಾನಾ?" ಮೇವಿಸ್ ಕೆಣಕುತ್ತಾರೆ. "ಹೋಗಿಬರೋರ ಕೋಟು ಸಿಕ್ಕಾಕ್ಕೊಳ್ಳುತ್ತೆ."

"ಸಿಕ್ಕಾಕ್ಕೊಳ್ಳಲಿ ಬಿಡು," ಎನ್ನುತ್ತಾರೆ ಗಿಟಿನ್ಸ್, ಗೂಟವೊಂದನ್ನು ಎಡಗೈಯಲ್ಲಿ ಸವರುತ್ತ. "ನಾನು ಅವತ್ತು ಮಾಡಿದ್ದನ್ನ ಇಷ್ಟು ತೆಗೆಯೋಕೇ ನಂಗೆ ಮೂರು ವರ್ಷ ಬೇಕಾಯ್ತು. ಈಗ ಮಾಡೋದೂ ತಪ್ಪಾಗಿದ್ರೆ, ಮುಂದೆ ಬರೋನು ಆ ತುದಿ ಹಿಡಿದು ಎಳೀಲಿ. ಅವನಿಗೆ ಒಂದು ಬೆಳಗ್ಗೆ ಸಾಕು."