ನಕ್ಷೆಯಲ್ಲಿಲ್ಲದ ತಿರುವು

ರಾಗಿಗುಡ್ಡದ ಇಳಿಜಾರಿನಲ್ಲಿ ಜೆಸಿಬಿ ಕೆಲಸ ಶುರುಮಾಡುವ ಮೊದಲೇ, ಪಂಕ್ಚರ್ ಅಂಗಡಿಯ ಶಮೀಮ್ ಚಾಚಿ ಪ್ಲಾಸ್ಟಿಕ್ ಕುರ್ಚಿ ತಂದು ಮಳೆನೀರಿನ ಕಾಲುವೆಯೊಳಗೇ ಕುಳಿತುಬಿಟ್ಟರು. ಕಾಲುವೆಯ ತಳಕ್ಕೆ ಅಂದು ಕಾಂಕ್ರೀಟ್ ಹಾಕಬೇಕಿತ್ತು. ಅಲ್ಲಿ ದಟ್ಟವಾಗಿ ಬೆಳೆದ ಕೆಸುವೂ ಜೊಂಡೂ ಗುಡ್ಡದ ನೀರಿನ ಓಟವನ್ನು ತಗ್ಗಿಸಿ ಮಣ್ಣಿಗೆ ಇಂಗಿಸುತ್ತಿದ್ದವು. ಅವು ಹೋದರೆ ನೀರೆಲ್ಲ ಕೆಳಗಿನ ತಿರುವಿನಲ್ಲಿರುವ ಚಾಚಿಯ ಅಂಗಡಿಗೆ ನುಗ್ಗುವುದು ಖಚಿತ.

"ಕಳೆ ಕಾಯೋಕೆ ಕೂತಿದ್ದೀರಾ ಅಮ್ಮಾ?" ಎಂದು ಕಾಮಗಾರಿಯ ನಕ್ಷೆ ಹಿಡಿದು ಬಂದ ಎಂಜಿನಿಯರ್ ನಕ್ಕರು.

"ಆ ನಕ್ಷೇಲಿ ನೀರು ಎಲ್ಲಿಗೆ ಹೋಗುತ್ತೆ ತೋರ್ಸಿ ಸಾಹೇಬ್ರೆ, ಎದ್ದು ಚಾ ಮಾಡ್ಕೊಡ್ತೀನಿ."

ಎಂಜಿನಿಯರ್ ಬೆರಳು ಕಾಲುವೆಯ ಗೆರೆಯ ಮೇಲೆ ಸಾಗಿ, ತಿರುವಿಗೆ ಮೊದಲೇ ಹಾಳೆಯ ಅಂಚಿನಲ್ಲಿ ನಿಂತಿತು. ಮುಂದಿನ ಹಾಳೆ ಇರಲೇ ಇಲ್ಲ.

"ನಿಮ್ ಕಾಗ್ದ ಮುಗೀತು. ನೀರು ನಮ್ ಅಂಗ್ಡಿಗೆ ಬಂತಲ್ಲ!" ಎಂದರು ಚಾಚಿ. ಎಂಜಿನಿಯರ್ ನಕ್ಷೆ ಮಡಚಿ ಜೆಸಿಬಿಯನ್ನು ವಾಪಸು ಕಳುಹಿಸಿದರು.

ನಗರ ವಿನ್ಯಾಸ ಓದಿದ ನಾನು ಪಕ್ಕದಲ್ಲೇ ನಮ್ಮ ಬೀದಿಯವರ ಮನವಿಪತ್ರ ಹಿಡಿದು ನಿಂತಿದ್ದೆ. ಚಾಚಿಯ ಪ್ರಶ್ನೆ ಅದರಲ್ಲಿರಲಿಲ್ಲ. ಈಗ ಅದೇ ನಮ್ಮ ಮನವಿಯ ಮೊದಲ ಸಾಲು. ನೀರು ಎಲ್ಲಿ ಸೇರುತ್ತದೆಂದು ತೋರಿಸದ ನಕ್ಷೆಗೆ ಸಹಿ ಹಾಕಿದವರು ಯಾರು? ಅವರು ನಮ್ಮ ಬೀದಿಗೆ ಬಂದು ಉತ್ತರಿಸಲೇಬೇಕು.