ರುಕಿಯಾ ಟೀಚರ್ ಕಲಿಸಿದ ಸಲುಗೆಯ ಇಂಗ್ಲಿಷ್

ಕಕ್ಕಿಂಜೆಯಿಂದ ಸ್ವಲ್ಪ ಮುಂದೆ, ಚಾರ್ಮಾಡಿ ರಸ್ತೆಯ ಪ್ರೌಢಶಾಲೆಯೊಂದರಲ್ಲಿ ರುಕಿಯಾ ಟೀಚರ್ ಇಂಗ್ಲಿಷ್ ಕಲಿಸುತ್ತಾರೆ. ಮನೆಯಲ್ಲಿ ಅವರದು ಬ್ಯಾರಿ, ಬಸ್ಸಿನಲ್ಲಿ ತುಳು, ಸ್ಟಾಫ್ ರೂಮಿನಲ್ಲಿ ಕನ್ನಡ. ಇಂಗ್ಲಿಷಿನಲ್ಲಿ ಸಲುಗೆಯಿಂದ ಮಾತಾಡಲು ಅವರಿಗೆ ಈವರೆಗೆ ಒಬ್ಬರೂ ಸಿಕ್ಕಿಲ್ಲ. ಆದರೂ ಎಂಟನೇ ತರಗತಿಗೆ ಔಪಚಾರಿಕ ಇಂಗ್ಲಿಷ್ ಬೇರೆ, ಸಲುಗೆಯ ಇಂಗ್ಲಿಷ್ ಬೇರೆ ಎಂಬ ಪಾಠವಿತ್ತು, ಕಲಿಸಲೇಬೇಕಿತ್ತು.

ಮೊದಲನೆಯದು ಮಕ್ಕಳಿಗೆ ಸುಲಭವಾಯಿತು. ಇಂಗ್ಲಿಷ್ ಎಂದರೆ ಎದ್ದು ನಿಂತು, ಕೈ ಕಟ್ಟಿ ಹೇಳುವುದು ಎಂದೇ ಅವರು ತಿಳಿದಿದ್ದರು. ಎರಡನೆಯದಕ್ಕೆ ಟೀಚರ್ ಬಹಳ ಒದ್ದಾಡಿ, ಕೊನೆಗೆ ಒಂದು ಸೂತ್ರ ಕೊಟ್ಟರು.

"ಎದುರಿನವರು ಹೇಗೆ ಮಾತಾಡ್ತಾರೆ ನೋಡಿ. ಗುಡ್ ಮಾರ್ನಿಂಗ್ ಅಂದ್ರೆ ನೀವೂ ಗುಡ್ ಮಾರ್ನಿಂಗ್ ಹೇಳ್ಬೇಕು. ಹಾಯ್ ಅಂದ್ರೆ ಹಾಯ್. ಹೆಸರು ಹಿಡಿದು ಕರೀಲಿಕ್ಕೆ ಹೇಳಿದ್ರೆ ಹೆಸರೇ ಕರೀಬೇಕು."

ಅದೇ ತಿಂಗಳು ಬೆಂಗಳೂರಿನ ಟ್ರಸ್ಟೊಂದರಿಂದ ಅಶೋಕ್ ಎಂಬವರು ಬಂದರು. ಶಾಲೆಗೆ ಸ್ಮಾರ್ಟ್ ಬೋರ್ಡ್ ಕೊಡುವ ಮೊದಲು ಅವರಿಗೆ ಮಕ್ಕಳ ಇಂಗ್ಲಿಷ್ ನೋಡಬೇಕಿತ್ತು. ಹೆಡ್‌ಮಾಸ್ಟರ್ ಕುಶಾಲಪ್ಪ ಹೊಸ ಶರ್ಟು ಹಾಕಿ ಬೆಳಿಗ್ಗೆಯಿಂದಲೇ ಗೇಟಿನ ಬಳಿ ನಿಂತಿದ್ದರು. ಜೀನ್ಸ್ ತೊಟ್ಟ ಅಶೋಕ್ ತರಗತಿಗೆ ಬಂದವರೇ ಮೇಜಿನ ಮೇಲೆ ಹತ್ತಿ ಕುಳಿತು, ಕಾಲಾಡಿಸುತ್ತ, "ಹಾಯ್ ಗೈಸ್, ವಾಟ್ಸ್ ಅಪ್?" ಎಂದರು. ಮಕ್ಕಳು ಏಳಹೊರಟರೆ, "ನೋ ಸರ್, ನೋ ಗಿರ್. ಕಾಲ್ ಮಿ ಅಶೋಕ್" ಎಂದು ಕೂರಿಸಿದರು.

ಟೀಚರ್‌ಗೆ ಒಳಗೊಳಗೇ ಖುಷಿ. ಪಾಠವೇ ನಡೆದುಕೊಂಡು ಬಂದು ಮೇಜಿನ ಮೇಲೆ ಕುಳಿತಂತಾಗಿತ್ತು. ಅವರು ಮುಂದಿನ ಬೆಂಚಿನ ಶಬ್ನಾಗೆ ಕಣ್ಣಲ್ಲೇ ಸನ್ನೆ ಮಾಡಿದರು. ಶಬ್ನಾ ಕುಳಿತಲ್ಲಿಂದಲೇ, ಒಂದೂ ತಪ್ಪಿಲ್ಲದೆ ಹೇಳಿದಳು:

"ಹಾಯ್ ಅಶೋಕ್. ನಾಟ್ ಮಚ್. ಹೌ ಅಬೌಟ್ ಯು, ಮ್ಯಾನ್?"

ಅಶೋಕ್ ಕಾಲಾಡಿಸುವುದು ನಿಂತಿತು. ಅವರು ಮೇಜಿನಿಂದ ಇಳಿದರು. ಮುಂದೆ ಏನೂ ಕೇಳಲಿಲ್ಲ. ಹೆಡ್‌ಮಾಸ್ಟರ ಕೋಣೆಯಲ್ಲಿ ಎಳನೀರು ಕುಡಿಯುತ್ತ, ಅಚ್ಚ ಕನ್ನಡದಲ್ಲಿ, "ಇಂಗ್ಲಿಷ್ ಪರವಾಗಿಲ್ಲ. ಮಕ್ಕಳಿಗೆ ಸ್ವಲ್ಪ ಮರ್ಯಾದೆ ಕಲಿಸಿ" ಎಂದರು.

"ಕಲಿಸ್ತೇವೆ ಸರ್" ಎಂದರು ಕುಶಾಲಪ್ಪ. ಈ ಬಾರಿ ಸರ್ ಬೇಡವೆಂದು ಅಶೋಕ್ ಹೇಳಲಿಲ್ಲ.

ಸಂಜೆ ಸೌದಿಯ ಜುಬೈಲಿನಿಂದ ಗಂಡ ಅಬ್ದುಲ್ ಶುಕೂರ್ ಫೋನ್ ಮಾಡಿದಾಗ ಟೀಚರ್ ಎಲ್ಲ ಹೇಳಿದರು. ಶುಕೂರ್ ನಕ್ಕರು. "ನಮ್ಮ ಮ್ಯಾನೇಜರ್ ನನ್ನನ್ನು ಬ್ರದರ್ ಅಂತಾನೆ. ನಾನು ಸರ್ ಅಂತ್ಲೇ ಹೇಳ್ತೇನೆ. ಇಷ್ಟು ನಿನಗೆ ಗೊತ್ತಿಲ್ವಾ?"

ಟೀಚರ್‌ಗೆ ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ಮಕ್ಕಳಿಗೆ ಅದನ್ನು ಹೇಳಿಕೊಡಲು ಮನಸ್ಸು ಬಂದಿರಲಿಲ್ಲ, ಅಷ್ಟೆ.

ಮರುದಿನ ಶಬ್ನಾ ಎದ್ದು ನಿಂತು ಕೇಳಿದಳು. "ಟೀಚರ್, ನನ್ನದು ಎಲ್ಲಿ ತಪ್ಪಾಯ್ತು?"

"ನಿನ್ನದು ಸರಿಯೇ ಇತ್ತು. ಕೆಲವರು ಸಲುಗೆ ಕೊಡ್ತಾರೆ, ಆದ್ರೆ ನಾವು ತಕ್ಕೊಳ್ಳುವುದು ಅವರಿಗೆ ಇಷ್ಟ ಇಲ್ಲ."

"ಎಲ್ರೂ ಹಾಗೆಯಾ?"

"ಎಲ್ರೂ ಅಲ್ಲ. ಯಾರು ಹಾಗೆ, ಯಾರು ಅಲ್ಲ ಅಂತ ಮುಖ ನೋಡಿ ತಿಳ್ಕೊಳ್ಬೇಕು. ಇಂಗ್ಲಿಷಿನಲ್ಲಿ ಅದೇ ಕಷ್ಟ."

ಹಿಂದಿನ ಬೆಂಚಿನಿಂದ ವಿಸ್ಮಿತಾ ಕೈ ಎತ್ತಿದಳು. "ಟೀಚರ್, ಇದು ಪರೀಕ್ಷೆಗೆ ಉಂಟಾ?"

"ಇಲ್ಲ."

ಇಡೀ ತರಗತಿ ನೆಮ್ಮದಿಯಿಂದ ಪೆನ್ನು ಕೆಳಗಿಟ್ಟಿತು.