ಸೊಪ್ಪಿನ ಗುಡ್ಲಿನೊಳಗಿಂದ ಹೂಂ ಅಂದವಳು

ಮೊಮ್ಮಗಳು ಮೈನೆರೆದ ದಿನ ನನ್ನ ಸಂತೋಷಕ್ಕೆ ಹಿಡಿತವೇ ಇರಲಿಲ್ಲ. ಬೀದಿಯ ಈ ತುದಿಯಿಂದ ಆ ತುದಿವರೆಗೆ ನಾನೇ ಓಡಿಹೋಗಿ ಹೇಳಿ ಬಂದೆ. ಚಿಗಳಿ ಕುಟ್ಟಲು ಎಳ್ಳು ಹುರಿಯುತ್ತ ಕೂತವಳು ಮಾತಿನ ಭರದಲ್ಲಿ ಅರ್ಧ ಸೀಯಿಸಿಬಿಟ್ಟೆ. ಆ ಸೀದ ಎಳ್ಳಿಗೇ ಬೆಲ್ಲ ಹಾಕಿ ಕುಟ್ಟಿ ಹಂಚಿದೆ, ಯಾರೂ ಬೇಡ ಅನ್ನಲಿಲ್ಲ. ಚಾಮರಾಜನಗರ ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ನಮ್ಮದು ಗುಂಡ್ಲುಪೇಟೆಗೆ ನಡೆದೇ ಹೋಗಬಹುದಾದ ಊರು. ಅಂಗಳದಲ್ಲಿ ನಿಂತರೆ ಗೋಪಾಲಸ್ವಾಮಿ ಬೆಟ್ಟ ಕಾಣುತ್ತದೆ, ಮೋಡ ಇಲ್ಲದಿದ್ದರೆ.

ನಮ್ಮ ಕಡೆ ಹುಡುಗಿ ದೊಡ್ಡವಳಾದರೆ ಸೋದರಮಾವ ಬಂದು ಅಂಗಳದಲ್ಲಿ ಹಸಿರು ಸೊಪ್ಪಿನ ಗುಡ್ಲು ಕಟ್ಟಬೇಕು. ಆರತಿ ಎತ್ತಿ ನೀರು ಹಾಕುವವರೆಗೆ ಹುಡುಗಿ ಅದರೊಳಗೇ ಇರಬೇಕು, ಆಮೇಲೆ ಗುಡ್ಲನ್ನು ಸುಟ್ಟುಬಿಡುತ್ತಾರೆ. ಗಂಡಸರು ಅವಳ ಮುಖ ನೋಡುವಂತಿಲ್ಲ. ಗುಡ್ಲು ಬರಿದಾಗಿಯೂ ಇರಬಾರದು, ಬರಿದಾದರೆ ಕೆಟ್ಟ ಗಾಳಿ ಬಂದು ಕೂರುತ್ತದೆ ಅಂತ ನಮ್ಮತ್ತೆ ಹೇಳುತ್ತಿದ್ದರು. ನನ್ನ ಸೊಸೆಯ ತಮ್ಮ ಪುಣಜನೂರಿನವನು, ಕಾಡಿನ ಅಂಚಿನಲ್ಲೇ ಅವನ ಮನೆ. ಸುದ್ದಿ ಮುಟ್ಟಿದ್ದೇ ತಡ, ಬಸ್ಸಿನ ಮೇಲೆ ಸೊಪ್ಪಿನ ಹೊರೆ ಹೇರಿಕೊಂಡು ಬಂದ. ಅವನು ಕಟ್ಟಿದ ಗುಡ್ಲು ನೋಡಬೇಕಿತ್ತು ನೀವು! ಎಲೆಗೆ ಎಲೆ ಹೆಣೆದು, ಬಿಸಿಲು ಒಳಗೆ ಬಂದರೂ ಹಸಿರಾಗಿಯೇ ಬರಬೇಕು, ಹಾಗೆ.

ಹುಡುಗಿ ಆಗ ಹೈಸ್ಕೂಲು. ಅವಳ ಮೇಡಂ ಒಂದು ಕಾದಂಬರಿ ಕೊಟ್ಟಿದ್ದರು. ಚಾಮರಾಜನಗರದಲ್ಲಿ ಮಕ್ಕಳ ಭಾಷಣ ಇದೆ, ಈ ಕಥೆಯನ್ನು ಯಾರ ಕಣ್ಣಿಂದ ಹೇಳಿದ್ದಾರೆ, ಅದರಲ್ಲಿ ಏನೇನು ಚಿತ್ರಗಳು ಬರುತ್ತವೆ ಅಂತ ಮಾತಾಡಬೇಕು ಅಂದಿದ್ದರು. ಗುಡ್ಲಿನೊಳಗೆ ಕೂತು ಅವಳು ಅದನ್ನು ಗಟ್ಟಿಯಾಗಿ ಓದುತ್ತಿದ್ದಳು. ಹೊರಗೆ ಕೂತು ಅವರೆಕಾಯಿ ಸುಲಿಯುತ್ತ ನಾನು ಹೂಂಗುಟ್ಟುತ್ತಿದ್ದೆ. ಕಥೆ ಹೇಳುವವರಿಗೆ ಯಾರಾದರೂ ಹೂಂ ಅನ್ನಬೇಕಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಕೂಡಿಸಿ ಕೂಡಿಸಿ ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲು ಏನಿತ್ತು ಅನ್ನುವುದು ಮರೆತಿರುತ್ತದೆ. ಹಾಗಾಗಿ ಯಾರಾದರೂ ಓದಿದರೆ ನನಗೆ ಹಬ್ಬ.

ಅದು ತಾಯಿತಂದೆ ಇಲ್ಲದ ಒಬ್ಬ ಹುಡುಗ ಅಜ್ಜಿಯ ಮನೆಯಲ್ಲಿ ಬೆಳೆದು ದೊಡ್ಡವನಾಗುವ ಕಥೆ. ಹೇಳುವವನು ಆ ಹುಡುಗನೇ. ಅಜ್ಜಿ ಬಂದಾಗಲೆಲ್ಲ ಅವಳ ಸೊಂಟದ ಬೀಗದ ಕೈ ಗೊಂಚಲು ಝಣ್ ಅನ್ನುತ್ತದೆ, ಹುಡುಗ ಮಂಚದ ಕೆಳಗೆ ಸೇರಿಕೊಳ್ಳುತ್ತಾನೆ. ಹಿತ್ತಲಲ್ಲಿ ಒಂದು ಬಾವಿ. ಅದರೊಳಗೆ ಒಂದು ಚೂರು ಆಕಾಶ. ಹುಡುಗ ಬಗ್ಗಿ ನೋಡಿದಾಗಲೆಲ್ಲ ಆಕಾಶವೂ ಬೀಗ ಹಾಕಿಸಿಕೊಂಡು ಕೆಳಗೆ ಕೂತಿದೆ ಅನ್ನಿಸುತ್ತದೆ ಅವನಿಗೆ.

ನನಗೆ ಸಿಟ್ಟು ಬಂತು. ನನ್ನ ಸೊಂಟದಲ್ಲೂ ಬೀಗದ ಕೈ ಇತ್ತಲ್ಲ!

"ಅಲ್ಲ ಕಣಮ್ಮಿ, ಆ ಮುದ್ಕಿ ಪಾಡು ಯಾರ್ ಕೇಳೋರು? ಬೆಲ್ಲದ್ ಗಡ್ಗೆ ಇಟ್ಟಿರೋ ಕ್ವಾಣೆ ಬಾಗ್ಲು ತೆಗ್ದಾಕಿದ್ರೆ ಆ ಉಡ್ಗ ಒಂದಿನಕ್ಕೆ ಖಾಲಿ ಮಾಡ್ಬುಡ್ನಾ?"

"ಅಜ್ಜಿ, ಕಥೆ ಹೇಳ್ತಿರೋನು ಅವ್ನು. ಅವ್ನ್ ಕಣ್ಗೆ ಬಿದ್ದದ್ದೇ ನಮ್ಗೂ ಬೀಳೋದು. ಬೀಗದ ಕೈ ಸದ್ದು ಅವ್ನಿಗೆ ಭಯ, ಅದಕ್ಕೇ ನಮ್ಗೂ ಭಯ."

"ನಂಗೇನ್ ಭಯ ಇಲ್ಲ. ನಂದು ಝಣ್ ಅಂದ್ರೆ ನೀನ್ ಮಂಚದ್ ಕೆಳಗ್ ಓಯ್ತೀಯಾ?"

ಒಳಗಿಂದ ನಗು ಕೇಳಿತು. "ಓಗಲ್ಲ. ಆದ್ರೆ ಓದೋದ್ ನಿಲ್ಸಿ ಪುಸ್ತಕ ಸರಿಸ್ತೀನಿ" ಅಂದಳು.

ಆ ಮಾತು ನನ್ನನ್ನು ಚುಚ್ಚಬೇಕಿತ್ತು. ಚುಚ್ಚಲಿಲ್ಲ, ಸಂತೋಷದಲ್ಲಿದ್ದೆ.

ಭಾಷಣದ ದಿನ ಆರತಿಗಿಂತ ಮುಂಚೆಯೇ ಬಿತ್ತು. ಹೋಗುವುದೋ ಬೇಡವೋ ಅಂತ ಸೊಸೆ ಮೆಲ್ಲಗೆ ಕೇಳಿದಳು. ನನ್ನ ಮಗ ರಸ್ತೆ ಕೆಲಸಕ್ಕೆ ಅಂತ ದೂರ ಹೋಗಿದ್ದ, ಮನೆಯಲ್ಲಿ ಮಾತು ನನ್ನದೇ. "ಗುಡ್ಲು ಬುಟ್ಟು ಎಲ್ಗಾರ ಓಗದುಂಟಾ? ಭಾಷಣ ವರ್ಸ ವರ್ಸ ಬತ್ತದೆ. ಇದು ಒಂದೇ ಸಲ ಬರದು" ಅಂದೆ. ಹುಡುಗಿ ಅಳಲಿಲ್ಲ, ಹಟ ಮಾಡಲಿಲ್ಲ. ಓದುವುದನ್ನು ಮನಸ್ಸಿನೊಳಗೆ ಇಟ್ಟುಕೊಂಡಳು, ಅಷ್ಟೇ. ಪುಟ ತಿರುವುವ ಸದ್ದು ಕೇಳುತ್ತಿತ್ತು, ಕಥೆ ಕೇಳುತ್ತಿರಲಿಲ್ಲ. ಗುಡ್ಲಿನ ಎಲೆಗಳೂ ಆಗ ಒಣಗಲು ಶುರುವಾಗಿ, ಗಾಳಿ ಬಂದರೆ ಸರಸರ ಅನ್ನುತ್ತಿದ್ದವು. ಪುಟದ ಸದ್ದೋ ಎಲೆಯ ಸದ್ದೋ ಅಂತ ಕಿವಿ ಕೊಟ್ಟು ಕೊಟ್ಟು ನನಗೆ ಸಾಕಾಯಿತು.

"ಆ ಮುದ್ಕಿ ಏನಾದ್ಲಮ್ಮಿ?"

"ಓದ್ಕೊ ಅಜ್ಜಿ."

ಎರಡು ಸಂಜೆ ತಡೆದೆ. ಮೂರನೆಯದಕ್ಕೆ ಸೋತು, ಭಾಷಣಕ್ಕೆ ಹೋಗಿ ಬಾ ಅಂದೆ. ಮೊಮ್ಮಗಳ ವಿದ್ಯೆ ಮೇಲೆ ಬರಲಿ ಅಂತ ದೊಡ್ಡ ಮನಸ್ಸು ಮಾಡಿದೆ ಅಂದರೆ ಸುಳ್ಳಾಗುತ್ತದೆ. ಕಥೆ ಬೇಕಾಗಿತ್ತು ನನಗೆ.

ಭಾಷಣದ ದಿನ ಬೆಳಗಿನ ಮೊದಲ ಬಸ್ಸಿಗೆ ತಾಯಿಮಗಳನ್ನು ಹಿತ್ತಲಿನಿಂದ ಕಳಿಸಿದೆ. ಹುಡುಗಿಯ ಮಡಿಲಿಗೆ ಒಂದು ತುಂಡು ಕಬ್ಬಿಣ, ಬೇವಿನ ಎಲೆ. ಗುಡ್ಲು ಬರಿದಾಗಿರಬಾರದು ಅಂದಿದ್ದರೇ ಹೊರತು ಯಾರು ಕೂತಿರಬೇಕು ಅಂತ ನಮ್ಮತ್ತೆ ಹೇಳಿರಲಿಲ್ಲವಲ್ಲ, ಅಂತ ನನ್ನ ಬುದ್ಧಿ ಲೆಕ್ಕ ಹಾಕಿತು. ಮನೆ ಬಾಗಿಲಿಗೆ ಬೀಗ ಹಾಕಿ, ಅವಳ ಕಂಬಳಿ ತಲೆ ತುಂಬ ಹೊದ್ದು ನಾನೇ ಒಳಗೆ ಹೋಗಿ ಕೂತೆ. ಬೆಟ್ಟದ ತಲೆಗೆ ಮೋಡ ಕವಿದಿತ್ತು. ಗೋಪಾಲಸ್ವಾಮಿ ಈಗ ನೋಡುತ್ತಿಲ್ಲ ಅಂದುಕೊಂಡೆ. ಕೂತ ಮೇಲೆ ನೆನಪಾಗಿ, ಸದ್ದಾಗದಂತೆ ಬೀಗದ ಕೈ ಗೊಂಚಲು ಬಿಚ್ಚಿ ತೊಡೆಯ ಕೆಳಗೆ ಇಟ್ಟುಕೊಂಡೆ.

ಒಳಗಿಂದ ನನ್ನ ಮನೆಯೇ ಬೇರೆ ಕಂಡಿತು. ಎಲೆಯ ಸಂದಿಯಲ್ಲಿ ಹೊಸ್ತಿಲು ಒಂದು ಚೂರು, ತುಳಸಿ ಒಂದು ಚೂರು. ನಾನು ಕೂರುವ ಜಾಗ ಮಾತ್ರ ಪೂರ್ತಿ ಕಾಣುತ್ತಿತ್ತು. ಇಷ್ಟು ದಿನ ಅವಳು ನೋಡಿದ್ದು ಅದನ್ನೇ: ಕಾಲು ಚಾಚಿ ಕೂತ ಒಬ್ಬ ಮುದುಕಿ, ದಾರಿಗೆ ಅಡ್ಡ.

ಪಕ್ಕದ ಮನೆಯವಳು ಬಂದು "ಏನವ್ವ ಕೂಸೆ, ಉಂಡ್ಯಾ?" ಅಂದಳು. "ಹೂಂ" ಅಂದೆ, ಸಣ್ಣ ದನಿ ಮಾಡಿ. ಹೋದಳು. ನನ್ನ ಜಾಣತನಕ್ಕೆ ನಾನೇ ಕಂಬಳಿಯೊಳಗೆ ನಕ್ಕೆ.

ಬಿಸಿಲೇರಿದ ಮೇಲೆ ಅಂಗಳದಲ್ಲಿ ಧೊಪ್ಪೆಂದು ಹೊರೆ ಬಿತ್ತು. ಸೋದರಮಾವ! ಸೊಪ್ಪು ಒಣಗಿರುತ್ತದೆ ಅಂತ ಹೇಳದೆ ಕೇಳದೆ ಹಸಿ ಸೊಪ್ಪು ತಂದಿದ್ದ. ಇವರ ಬಸ್ಸು ಆ ಕಡೆ, ಅವನ ಬಸ್ಸು ಈ ಕಡೆ, ದಾರಿಯಲ್ಲೆಲ್ಲೋ ಒಂದನ್ನೊಂದು ದಾಟಿರಬೇಕು.

"ಬೀಗ ಆಕದೆ. ಅಜ್ಜಿ ಸೊಸೆ ಇಬ್ರೂವೆ ಪ್ಯಾಟೆಗೆ ಸೀರೆ ತರಕ್ ಓಗವ್ರಾ?"

"ಹೂಂ."

"ಕೂಸ್ನ ಒಂಟಿಯಾಗ್ ಬುಟ್ಟು ಓಗವ್ರಲ್ಲಾ, ಏನ್ ಜನವೋ." ಬೈದುಕೊಂಡೇ ಒಣಗಿದ ಕಡೆಗೆಲ್ಲ ಹಸಿ ಸೊಪ್ಪು ಸಿಕ್ಕಿಸಿದ. ಆಮೇಲೆ ಗುಡ್ಲಿಗೆ ಬೆನ್ನು ಕೊಟ್ಟು ಕೂತ. ಅವನ ಬೆನ್ನು ನನಗೆ ಅಷ್ಟು ಹತ್ತಿರ, ಕೈ ಚಾಚಿದರೆ ಸಿಗುವಷ್ಟು.

"ನೋಡವ್ವ, ಅವ್ರಿಲ್ದಿದ್ದದ್ದೂ ಒಳ್ಳೇದೇ ಆಯ್ತು. ಒಂದ್ ಮಾತ್ ಏಳ್ಬೇಕಿತ್ತು. ನಿಮ್ಮವ್ವ ಇಂಗೇ ಗುಡ್ಲಲ್ಲಿ ಕೂತಾಗ ನಾನು ಇಷ್ಟುದ್ದ ಇದ್ದೆ. ಗುಡ್ಲು ಸುಟ್ಟ ಮಾರ್ನೆ ದಿನ ಅವ್ಳು ಇಸ್ಕೂಲ್ ಬ್ಯಾಗ್ ತಕಂಡು ಬಾಗ್ಲಲ್ಲಿ ನಿಂತ್ಲು. ನಮ್ಮಪ್ಪ ಬ್ಯಾಗ್ ಕಿತ್ಕಂಡು, ಬಿತ್ನೆ ಅವ್ರೆಕಾಳ್ ತುಂಬ್ಸಿ ಗೂಟಕ್ ನೇತಾಕ್ಬುಟ್ಟ. ಅದು ವರ್ಸಗಟ್ಲೆ ಅಲ್ಲೇ ನೇತಾಡ್ತಿತ್ತು ಕಣವ್ವ. ಅದ್ರ್ ಕೆಳಗೇ ಮನೀಕತಿದ್ದೆ ನಾನು."

ನಾನು ಹೂಂ ಅನ್ನಲಿಲ್ಲ. ನನ್ನ ಸೊಸೆ ಈ ಮಾತನ್ನು ನನ್ನ ಮುಂದೆ ಯಾವತ್ತೂ ಆಡಿರಲಿಲ್ಲ. ನಾನೂ ಕೇಳಿರಲಿಲ್ಲ.

"ನಿಮ್ಮಜ್ಜಿ ಕೆಟ್ಟೋಳು ಅನ್ನಾಕಿಲ್ಲ. ಗಟ್ಟಿ ಎಂಗ್ಸು. ಆದ್ರೆ ಆ ಬೀಗದ್ ಕೈ ಸದ್ದು ಕೇಳುದ್ರೆ ನಮ್ಮಕ್ಕ ಮಾತ್ನ ಅರ್ಧಕ್ಕೇ ನುಂಗ್ಬುಡ್ತಾಳೆ, ನೋಡಿವ್ನಿ. ನಿಮ್ಮಜ್ಜಿ ಏನಾರ ಇನ್ ಸಾಕು, ಇಸ್ಕೂಲ್ ಬ್ಯಾಡ ಅಂದ್ರೆ, ನೀನು ಸುಮ್ಕೆ ನನ್ ಮನೆಗ್ ಬಂದ್ಬುಡು. ಪುಣಜನೂರಿಂದ ಚಾಮರಾಜನಗರಕ್ಕೆ ಬಸ್ಸದೆ. ನಾನ್ ಓದುಸ್ತೀನಿ. ಬತ್ತೀಯಾ?"

ಆ ಕಥೆಯ ಮುದುಕಿಯ ಪರವಾಗಿ ನಾನೆಷ್ಟು ಜಗಳ ಆಡಿದ್ದೆ! ಅವಳ ಕಡೆಯಿಂದ ಯಾರೂ ನೋಡಲಿಲ್ಲ ಅಂದಿದ್ದೆ. ಈಗ ಎದ್ದು ಕಂಬಳಿ ಸರಿಸಿ, "ಲೇ, ನಾನ್ ಅಂತೋಳಲ್ಲ ಕಣ್ಲಾ" ಅನ್ನಬಹುದಿತ್ತು. ಆದರೆ ಅಂಥವಳಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? ಮೊನ್ನೆ ತಾನೆ ಬೇಡ ಅಂದಿದ್ದೆ. ತೊಡೆಯ ಕೆಳಗೆ ಬೀಗದ ಕೈ ಒತ್ತುತ್ತಿತ್ತು. ಮಿಸುಕಿದರೆ ಸದ್ದಾಗುತ್ತದೆ ಅಂತ ಉಸಿರು ಬಿಗಿಹಿಡಿದೆ.

"ಹೂಂ ಅನ್ನವ್ವ. ಒಂದ್ಸಲ ಅಂದ್ಬುಡು, ನಂಗ್ ಸಮಾಧಾನ."

"ಹೂಂ" ಅಂದೆ.

ನನ್ನನ್ನು ಬಿಟ್ಟು ಹೋಗುತ್ತೇನೆ ಅಂತ ನಾನೇ ಒಪ್ಪಿಕೊಂಡೆ. ಅವನು ಟವೆಲ್ಲಿನಲ್ಲಿ ಮೂಗೊರೆಸಿಕೊಂಡು, ಎಲೆಯ ಮೇಲೆ ಒಂದು ಸಲ ಕೈಯಾಡಿಸಿ ಎದ್ದು ಹೋದ. ಮೊಮ್ಮಗಳಿಗೆ ಸಿಗಬೇಕಾಗಿದ್ದ ಆ ದನಿಯನ್ನು ನಾನು ಕದ್ದು ಕೂತಿದ್ದೆ. ಸೀದ ಎಳ್ಳಿನ ರುಚಿ ಬಾಯಿಗೆ ಬಂದ ಹಾಗಾಯಿತು.

ಸಂಜೆ ಹುಡುಗಿ ಬಂದಳು. ಕಾಲು ತೊಳೆದು ಗುಡ್ಲು ಸೇರಿದಳೋ ಇಲ್ಲವೋ, ಮಾತು ಮಾತು ಮಾತು! ಬಹುಮಾನ ಬರಲಿಲ್ಲವಂತೆ. ವೇದಿಕೆ ಮೇಲಿದ್ದ ದೊಡ್ಡವರೊಬ್ಬರು ತೂಕಡಿಸಿದರಂತೆ. "ಹುಡ್ಗ ಕಂಡದ್ದನ್ನೇ ಹೇಳ್ತಾನೆ, ಆದ್ರೆ ಬೀಗದ ಕೈ ಗೊಂಚಲು ಎಷ್ಟ್ ಭಾರ ಇತ್ತು ಅಂತ ಅವ್ನಿಗೆ ಗೊತ್ತಿಲ್ಲ. ಅದನ್ನ ಹೊತ್ತೋಳಿಗೇ ಗೊತ್ತು ಅಂತ ನಮ್ಮಜ್ಜಿ ಹೇಳ್ತಾಳೆ, ಅಂದೆ ಕಣಜ್ಜಿ!" ಅಂದಳು. ನಾನು ಹಾಗೆ ಹೇಳಿದ್ದೆನೋ ಇಲ್ಲವೋ. ಅವಳೇ ಹೊಲಿದು ಹಾಕಿದ್ದಿರಬೇಕು. ಜಿಲ್ಲೆಯ ಊರಲ್ಲಿ ಮೈಕಿನಲ್ಲಿ ನನ್ನ ಮಾತು! ಸಂತೋಷಕ್ಕೆ ಎದೆ ಹಿಗ್ಗಿತು, ಅದೇ ಹೊತ್ತಿಗೆ ಕುಗ್ಗಿತು.

ಹೇಳದೆ ಇದ್ದುಬಿಡಬಹುದಿತ್ತು. ಹೊರಗಿನ ನನ್ನ ಜಾಗದಲ್ಲಿ ಕೂತು, ಅವಳ ಮಾವ ಆಡಿದ್ದನ್ನೆಲ್ಲ ಹೇಳಿದೆ. ಅವರೆಕಾಳು ತುಂಬಿದ ಬ್ಯಾಗು, ಗಟ್ಟಿ ಹೆಂಗಸು, ಪುಣಜನೂರಿನ ಬಸ್ಸು, ಯಾವುದನ್ನೂ ಬಿಡಲಿಲ್ಲ. ಅಡುಗೆಮನೆ ಬಾಗಿಲಲ್ಲಿ ಸೊಸೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳ ಕಡೆ ತಿರುಗಲು ನನಗೆ ಮುಖವಿರಲಿಲ್ಲ.

"ನೀನೇನಂದೆ?" ಅಂತ ಒಳಗಿಂದ ಕೇಳಿದಳು ಹುಡುಗಿ.

"ಹೂಂ ಅಂದೆ."

"ನನ್ ಪರವಾಗಾ, ನಿನ್ ಪರವಾಗಾ?"

ಅವರೆಕಾಯಿಯ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡೆ. ಅವಳು ಪುಸ್ತಕ ತೆಗೆದು, ನಿಲ್ಲಿಸಿದ್ದ ಕಡೆಯಿಂದ ಗಟ್ಟಿಯಾಗಿ ಓದತೊಡಗಿದಳು.

ಆರತಿಯಾಗಿ ಗುಡ್ಲು ಸುಟ್ಟ ಮಾರನೆಯ ಬೆಳಿಗ್ಗೆ ಸೋದರಮಾವ ಇನ್ನೂ ನಮ್ಮ ಮನೆಯಲ್ಲೇ ಇದ್ದ. ಅವನು ಬಾಗಿಲ ಕಡೆಯೇ ನೋಡುತ್ತ ಕೂತಿದ್ದು ಯಾಕೆ ಅಂತ ನನಗೆ ಗೊತ್ತಿತ್ತು. ಒಳಗೆ ಹೋಗಿ ಸ್ಕೂಲ್ ಬ್ಯಾಗು ತಂದು ಸೊಸೆಯ ಕೈಗೆ ಕೊಟ್ಟೆ. "ನೀನೇ ಆಕಮ್ಮಿ ಅವ್ಳ್ ಎಗ್ಲಿಗೆ" ಅಂದೆ. ಅವಳು ಹಾಕಿದಳು. ಪಟ್ಟಿಯನ್ನು ಸುಮ್ಮಸುಮ್ಮನೆ ಸರಿಮಾಡುತ್ತ ಬಹಳ ಹೊತ್ತು ನಿಂತಳು.

ಸೋದರಮಾವ ನನ್ನ ಕಾಲಿಗೆ ಬಿದ್ದ. "ದೊಡ್ ಮನ್ಸು ಕಣವ್ವ ನಿಂದು" ಅಂದ. ಅವತ್ತು ಹೇಳಿಬಿಡಬೇಕಿತ್ತು ಅವನಿಗೆ. ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ನೆಂಟರು ಸೇರಿದ ಕಡೆಯಲ್ಲೆಲ್ಲ ಅವನು ಆ ಕಥೆ ತೆಗೆಯುತ್ತಾನೆ: ಗುಡ್ಲಿನೊಳಗೆ ಕೂತ ಕೂಸು, ಮಾವ ಕರೆದರೆ ಬರ್ತೀನಿ ಅಂತ ಹೂಂ ಅಂತು, ಎಂಥಾ ಧೈರ್ಯ ಅದಕ್ಕೆ, ಅಂತ. ಅವನ ಕಣ್ಣಿಗೆ ಬಿದ್ದದ್ದು ಅದು, ಅವನ ಕಿವಿಗೆ ಬಿದ್ದದ್ದು ಅದು. ಹೇಳುವಾಗ ಅವನ ಮುಖ ನೋಡಬೇಕು, ಅಷ್ಟು ಹಿಗ್ಗು. ಅದನ್ನು ಕೆಡಿಸಲು ನನಗೆ ಬಾಯಿ ಬರುವುದಿಲ್ಲ. ಕೂತಲ್ಲೇ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳುತ್ತೇನೆ.

"ಅಂದ್ಯೋ ಇಲ್ವೋ, ಏಳವ್ವ!" ಅಂತ ಅವನು ಮೊಮ್ಮಗಳ ಕಡೆ ತಿರುಗುತ್ತಾನೆ.

ಅವಳು ನನ್ನನ್ನೇ ನೋಡುತ್ತ, "ಹೂಂ" ಅನ್ನುತ್ತಾಳೆ.